ಸೆಗಣಿ ಇಲ್ಲದ ಧಂದೆ

ನಮ್ಮ ಧೋಂಡಪ್ಪ ಕಾಕಾ ಯಾರದಾರ ಮನಿ ಕಟ್ಟಿಗೆ ಬಂದು ಕುಂತ ಅಂದ್ರ ಆ ಮನ್ಯಾಗ ಒಂದು ಬಡಕಲು ಎಮ್ಮಿ ಐತಿ ಅಂತ ತಿಳ್ಕೋಬೇಕು. ನಮ್ಮೂರು ಬೇಡಗದಾಗ ಅವನ ಧಂದೇನ ಅದು. ಎಲುಬು ಕಾಣೋ ಎಮ್ಮಿ, ಕುಂಟೋ ಕುರಿ, ಏನ ಇರ್ಲಿ, ಅದರಾಗ ಅರ್ಧಾ ಪಾಲು ತಗೋತಿದ್ದ. ರೊಕ್ಕಾ ಅವಂದು, ದುಡಿಮಿ ಮನಿಯವರ್ದು. ಎರಡು ವರ್ಷ ಸಾಕಿ, ಮೈ ತುಂಬಿದ ಮ್ಯಾಲ ಮಿರಜದ ದನದ ಬಜಾರಕ್ಕ ಹೊಡಕೊಂಡು ಹೋಗಿ ಮಾರೋದು, ಬಂದದ್ದು ಇಬ್ಬರೂ ಹಂಚ್ಕೊಳ್ಳೋದು. ಪಾಲಿಗೆ ಹಿಡಿಯೋದು ಅಂತಾರ ಇದಕ್ಕ ನಮ್ಮ ಕಡೆ.

ಆದ್ರ ಕಾಕಾ ಅರ್ಧಾ ಎಮ್ಮಿ ತಗೊಂಡು ಸುಮ್ಮ ಕುಂದ್ರೋ ಪೈಕಿ ಅಲ್ಲ. ಎಮ್ಮಿ ಜೋಡಿ ಇಡೀ ಮನೀನೂ ಹಿಡೀತಿದ್ದ. ನಮ್ಮ ಮನಿ ಹಿಡದಿದ್ದ, ಅದಕ್ಕ ನನಗ ಗೊತ್ತು. ಹೊತ್ತು ಹೊಂಡೂದಕ್ಕ ಮದಲ ಬಂದು ಗ್ವಾದಲಿ ಇಣಕ್ತಿದ್ದ. "ಹಿಂಡಿ ಯಾಕ ಕಡಿಮಿ? ಮೈ ಯಾರು ತೊಳದ್ರಿ? ಹಿಂಗ ತೊಳೀತಾರೇನು?" ಅಪ್ಪನ ಬೀಡಿ ಬಿಡಿಸಿದ, ಹೊಗಿಗೆ ಎಮ್ಮಿ ಕೆಮ್ಮತೈತಿ ಅಂತ. ಮುತ್ಯಾನ ಹಾಸಿಗಿ ಪಡಸಾಲಿಯಿಂದ ಎಬ್ಬಿಸಿದ, ಆ ಜಾಗಾದಾಗ ಎಮ್ಮಿಗೆ ಗಾಳಿ ಚಲೋ ಬರ್ತೈತಂತ. ಒಂದಿನ ಅವ್ವ ತಡೀಲಾರದ, "ಧೋಂಡಪ್ಪಾ, ನಾ ರೊಟ್ಟಿ ಎಷ್ಟು ಬಡೀಬೇಕು ಅನ್ನೂದನ್ನೂ ನೀನ ಹೇಳಿಬಿಡಪಾ" ಅಂದ್ಳು. "ನಾಕು ಕಡಿಮಿ ಬಡೀರಿ ವೈನಿ, ಜ್ವಾಳಾ ಎಮ್ಮಿಗೆ ಆಗ್ತಾವು" ಅಂದ ಆ ಪುಣ್ಯಾತ್ಮ! ಯಾರರೆ ತಿರುಗಿ ಮಾತಾಡಿದ್ರ ಅವಂದು ಒಂದ ಜಪಾ: "ರೊಕ್ಕಾ ಹಾಕಿದವರ ಮಾತು ಕೇಳಬೇಕು." ಸುಳ್ಳು ಯಾಕ ಹೇಳ್ಲಿ, ಎಮ್ಮಿ ಮಾತ್ರ ಮಿರಜದಾಗ ಚಲೋ ಧಾರಣಿಗೆ ಹೋತು, ಅದರ ಹಿಂದ ಇನ್ನೊಂದು ನಮ್ಮ ಗ್ವಾದಲಿಗೆ ಬಂತು.

ಇದೆಲ್ಲಾ ಬಾಯಿ ಕೆಲಸ. ಕೈ ಕೆಲಸ ಅವನ ಹೇಣ್ತಿ ಸೀತವ್ವ ಕಾಕೂಂದು. ಅವರ ಸ್ವಂತದ್ದು ಅಂತ ಇದ್ದದ್ದು ಒಂದ ಎಮ್ಮಿ, ಕಾಶಿ. ಹುಟ್ಟಿದಾಗನ ತಾಯಿ ಸತ್ತಿತ್ತು. ಕಾಕು ಆ ಕರಾನ ತನ್ನ ಹಾಸಿಗಿ ಮಗ್ಗಲ ಕಟ್ಟಿ, ಹಾಲಾಗ ಬೆರಳ ಅದ್ದಿ ಚೀಪಿಸಿ ಬದುಕಿಸಿದ್ಳು. ಅದು ಹಳ್ಳಿಗೊಂದು ಸೊಸಾಯಟಿ, ಓಣಿಗೊಬ್ಬ ಚೇರಮನ್ ಹುಟ್ಟಿದ ಕಾಲ. ಸೊಸಾಯಟಿ ಡೇರ್‍ಯಾಗ ಕಾಕೂನ ಹಾಲಿಗೆ ನೀರ ಬೆರಸ್ಯಾಳ ಅಂತ ಯಾರೂ ಹೆಸರಿಡತಿರಲಿಲ್ಲ. ಕಾಶಿ ಅಕೀನ ಬಿಟ್ಟು ಯಾರಿಗೂ ಹಿಂಡಗೊಡತಿರಲಿಲ್ಲ. ಕಾಕಾಗಂತೂ ಒದ್ದಿತ್ತು.

ಒಂದು ವರ್ಷ ಕಾಕಾಗ ತನ್ನ ಧಂದೆ ಬ್ಯಾಸರಾತು. "ಒಂದು ಎಮ್ಮಿ ಹಿಂದ ಎರಡು ವರ್ಷ ಸೆಗಣಿ ತುಳ್ಕೋತ ಅಡ್ಡಾಡೋದು ಒಂದು ಜನ್ಮೇನು?" ಅಂತ ಗೊಣಗಾಕ ಹತ್ತಿದ. ಅಷ್ಟೊತ್ತಿಗೆ ಸಾಂಗಲಿ ಅರಿಶಿಣ ಪೇಟ್ಯಾಗ ದಲಾಲಿ ಅಂಗಡಿ ಇಟ್ಟ ಪಾರಿಸಣ್ಣನ ಪರಿಚಯ ಆತು. ಅಲ್ಲಿ ವಾಯದಾ ವ್ಯಾಪಾರ. ದೀಪಾವಳಿಗೆ ಕೊಡೋ ಅರಿಶಿಣಕ್ಕ ಇವತ್ತ ಧಾರಣಿ ಮಾತಾಡಿ ಹಿಡಿಯೋದು. ಧಾರಣಿ ಏರಿದ್ರ ಲಾಭ, ಇಳಿದ್ರ ಲುಕಸಾನ. ಅರಿಶಿಣ ಕಣ್ಣಿಗೂ ಬೀಳೂದಿಲ್ಲ, ಬಿಳಿ ಗಾದಿ ಮ್ಯಾಲ ಕುಂತು ಚಾ ಕುಡ್ಯೂದ ಕೆಲಸ.

"ಸೀತಾ, ಸೆಗಣಿ ಇಲ್ಲದ ಧಂದೆ ಸಿಕ್ತ ನೋಡ!" ಅಂತ ಕಾಕಾ ಕುಣಕೋತ ಮನಿಗೆ ಬಂದ. ಊರಾಗಿನ ಪಾಲು ಎಲ್ಲಾ ಬಿಟ್ಟುಕೊಟ್ಟ. ನಮ್ಮ ಅಪ್ಪ ಅವತ್ತ ಬೀಡಿ ಹಚ್ಚಿದ. ಆದ್ರ ಲುಕಸಾನ ಆದ್ರ ಇರ್ಲಿ ಅಂತ ಪಾರಿಸಣ್ಣ ಏನರೆ ಒತ್ತಿ ಇಡು ಅಂದಿದ್ದ, ಕಾಕಾ ಕಾಶೀನ ಬರದುಕೊಟ್ಟು ಬಂದಿದ್ದ.

ಕಾಕು ಹಾಲಿನ ಚರಗಿ ಕೆಳಗಿಟ್ಳು. "ಕಾಶೀನ್ರಿ?"

"ಏ, ಬರೇ ಹೆಸರಿಗೆ ಅಷ್ಟ. ಯಾರು ಒಯ್ತಾರ?"

"ಹೆಸರ ಹಿಡದು ಕರದ್ರ ಅದು ಬರ್ತೈತ್ರಿ" ಅಂದು ಕಾಕು ಒಳಗ ಹೋದ್ಳು.

ಸುರುವಿಗೆ ಧಾರಣಿ ಏರಿತು. ಕಾಕಾನ ಧೋತರ ಬೆಳ್ಳಗಾತು, ರುಮಾಲ ಹೊಸಾದು ಆತು. ಆಮ್ಯಾಲ ಎಲ್ಲಾ ಕಡೆ ಮಳಿ ಚಲೋ ಆಗಿ ಪೀಕು ಭರ್ಜರಿ ಅಂತ ಸುದ್ದಿ ಬಂದು ಧಾರಣಿ ಇಳ್ಯಾಕ ಹತ್ತಿತು. ಪಾರಿಸಣ್ಣ ನ್ಯಾಯದ ಮನಶಾ. "ಧೋಂಡಪ್ಪಣ್ಣ, ಇವತ್ತ ಮಾರಿ ಹೊರಗ ಬರ್ರಿ. ಸ್ವಲ್ಪದಾಗ ಹೋಗ್ತೈತಿ" ಅಂದ.

"ಬಡಕಲಾದ ಹೊತ್ತಿನಾಗ ಯಾರಾರ ಮಾರ್ತಾರೇನ್ರಿ? ತಡೀರಿ, ಮೈ ತುಂಬ್ಕೋತೈತಿ."

"ಅಣ್ಣಾ, ಇದು ಎಮ್ಮಿ ಅಲ್ರಿ! ಹಿಂಡಿ ಯಾರಿಗೆ ಹಾಕ್ತೀರಿ?"

"ಹಂಗಾರ ನನ್ನ ಅರಿಶಿಣ ಎಲ್ಲಿ ಐತಿ, ತೋರಸ್ರಿ."

"ಎಲ್ಲಿಂದ ತೋರಸ್ಲಿ? ಅದು ಮಾತಿನಾಗ ಐತಿ."

ಕಾಕಾ ಜನ್ಮದಾಗ ಕಣ್ಣಿಲೆ ನೋಡಲಾರದ ಏನೂ ಹಿಡದಾವಲ್ಲ. ದಿನಾ ಸಾಂಗಲಿಗೆ ಹೋಗಿ, ಯಾರದೋ ಗುದಾಮದಾಗ ಹೊಕ್ಕು, ಯಾರದೋ ಚೀಲ ಬಿಚ್ಚಿ ಅರಿಶಿಣ ಮೂಸಾಕ ಹತ್ತಿದ. "ಗಾಳಿ ಆಡವಲ್ದು, ಚೀಲಾ ಸರಸ್ರೋ" ಅಂತ ಹಮಾಲರನ್ನ ಬಯ್ಯಾವ. ಹಮಾಲ ಮಾರೆಪ್ಪ ಕೈ ಮುಗದು, "ಕಾಕಾ, ಇದು ನಿಮ್ಮದಲ್ರಿ, ಸಮಡೋಳಿ ಪಾಟೀಲರ್ದು" ಅಂದ್ರ, "ಇರ್ಲಿ ಬಿಡೋ, ಇದು ದಪ್ಪಾದ್ರ ನಂದೂ ದಪ್ಪಾಗ್ತೈತಿ" ಅಂತ ಉತ್ತರ! ಪಾರಿಸಣ್ಣ ಹಣಿ ಹಣಿ ಬಡಕೊಂಡ. ಕಾಕಾ ಮಾರಲಿಲ್ಲ. ಅರಿಶಿಣ ದಪ್ಪಾಗಲಿಲ್ಲ.

ವಾಯದೆ ಮುಗದ ಮರುದಿನ ಪಾರಿಸಣ್ಣ ಬೇಡಗಕ್ಕ ಬಂದ, ಹಿಂದ ಹಗ್ಗ ಹಿಡಕೊಂಡು ಮಾರೆಪ್ಪ. ಕಾಕಾ ಕಟ್ಟಿ ಮ್ಯಾಲ ತೆಲಿ ಕೆಳಗ ಹಾಕಿ ಕುಂತಿದ್ದ. ನಮ್ಮ ಅವ್ವನೂ ಕಣ್ಣಿಗೆ ಸೆರಗ ಹಚ್ಚಿದ್ಳು.

"ಸೀತಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ" ಅಂದ ಪಾರಿಸಣ್ಣ.

ಕಾಕು ಕಾಶಿ ಮೈ ತಿಕ್ಕಾಕ ಹತ್ತಿದ್ಳು, ತಿರುಗಿ ನೋಡಲಿಲ್ಲ. "ಕುಂದ್ರಿ, ಚಾ ಕುಡೀರಿ. ನಿಮ್ಮದು ಬರಾಕ ಹತ್ತೇತಿ" ಅಂದ್ಳು.

ಚಾ ಮುಗಿಯೂದಕ್ಕೂ ಓಣಿ ತುದಿಗೆ ಧೂಳ ಏಳೂದಕ್ಕೂ ಸರಿ ಹೋತು. ಮ್ಹೈಸಾಳದ ಕೆಂಪವ್ವ ಕುರಿ ಹೊಡಕೊಂಡು ಬರಾಕ ಹತ್ತಿದ್ಳು. ಒಂದೊಂದು ಕುರಿ ದುಂಡ ದುಂಡಗ. ಎಲ್ಲಾ ಸೀತವ್ವ ಕಾಕೂನ ಪಾಲಿನವು. ಹಾಲಿನ ರೊಕ್ಕದಾಗ ಎಷ್ಟೋ ವರ್ಷದಿಂದ ಹಿಡದಿದ್ಳು, ಅರಿಶಿಣ ಇಳ್ಯಾಕ ಹತ್ತಿದಾಗನ ನನ್ನ ಪಾಲು ಹೊಡಕೊಂಡು ಬಾ ಅಂತ ಹೇಳಿ ಕಳಿಸಿದ್ಳು.

ಕಾಕಾ ಕಣ್ಣು ಕಿಸಿದ. "ಇವನ್ನ ಯಾವಾಗ ಹಿಡದಿ?"

"ನೀವು ಮಂದಿ ಗ್ವಾದಲಿ ಇಣಕೂ ಹೊತ್ತಿನಾಗ" ಅಂದ್ಳು ಕಾಕು. "ಆದ್ರ ನಾ ಕೆಂಪವ್ವನ ರೊಟ್ಟಿ ಎಣಿಸಲಿಲ್ಲ."

ಪಾರಿಸಣ್ಣ ಕುರಿ ಒಪ್ಪಿಕೊಂಡ, ಕಾಶಿ ಕಾಗದಾ ಹರದು ಕೊಟ್ಟ. ಆವಾಗ ನೋಡ್ರಿ, ಅಲ್ಲೀತನಕಾ ಕಲ್ಲಿನಂಗ ನಿಂತಿದ್ದ ಕಾಕು, ಕಾಶಿ ಕೊರಳಿಗೆ ಬಿದ್ದು ಗಳಗಳಾ ಅತ್ತಳು. ಕಾಕಾ ಎದ್ದು ಹೋಗಿ ಅಕಿ ಹಿಂದ ನಿಂತ.

ಹೊಂಡೂ ಮುಂದ ಪಾರಿಸಣ್ಣ ಕೇಳಿದ, "ಅಕ್ಕಾರ, ಧೋಂಡಪ್ಪಣ್ಣಂದ ಹ್ಯಾಂಗ? ಮತ್ತ ಅಂಗಡಿಗೆ ಕಳಸ್ತೀರೇನು?"

ಕಾಕು ಸೆರಗಿಲೆ ಕಣ್ಣ ಒರಸ್ಕೊಂಡು, ಬಜಾರದಾಗ ದನಾ ನೋಡಿದಂಗ ಕಾಕಾನ್ನ ಕಾಲಿಂದ ತೆಲಿತನಕಾ ನೋಡಿದ್ಳು. "ಬ್ಯಾಡ್ರಿ. ಎಲುಬು ಕಾಣಾಕ ಹತ್ಯಾವು. ಅರ್ಧಾ ಪಾಲಿಗೆ ನಾ ಹಿಡದೇನಿ. ಎರಡು ವರ್ಷ ಸಾಕಿ ನೋಡ್ತೇನಿ."

ಓಣಿ ಮಂದಿ ಹೊಟ್ಟಿ ಹಿಡಕೊಂಡು ನಕ್ಕಿತು. ಕಾಕು ಸೆಗಣಿ ಬುಟ್ಟಿ ಅವನ ಮುಂದ ಇಟ್ಟು, "ಏಳ್ರಿ. ರೊಕ್ಕಾ ಹಾಕಿದವರ ಮಾತು ಕೇಳಬೇಕು" ಅಂದ್ಳು. ಕಾಕಾ ಹೊಸಾ ರುಮಾಲ ಬಿಚ್ಚಿಟ್ಟು ಬುಟ್ಟಿ ತಗೊಂಡ. ಕಾಶಿ ಅವನ್ನ ನೋಡಿ ಕಾಲೆತ್ತಿತು.

ಆ ಕರಾರು ಎರಡ ವರ್ಷದ್ದು. ಕಾಶಿ ಮೊಮ್ಮಗಳು ಈಗ ಎರಡನೇ ಸಲ ಈದೈತಿ. "ಕಾಕೂ, ಕಾಕಾನ್ನ ಮಿರಜದ ಬಜಾರಕ್ಕ ಯಾವಾಗ ಒಯ್ತಿ?" ಅಂತ ನಾ ಕೇಳಿದ್ರ, ಕಾಕಾನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ತಡಿಯವ್ವಾ, ಇನ್ನೂ ಮೈ ತುಂಬಿಲ್ಲ" ಅಂತಾಳ.