ಹಾಡು ಮುಗಿಯುವ ತನಕ

ನಮ್ಮ ಎಸ್ಟೇಟಿನ ಜೀಪ್ ಡ್ರೈವರ್‌ಗೆ ಪ್ರವಾಸಿಗರು ಬಿಟ್ಟುಹೋದ ಪೆನ್‌ಡ್ರೈವ್ ಸಿಕ್ಕಿತ್ತು. ಅದರಲ್ಲಿ ಒಂದೇ ಆಲ್ಬಮ್. ಸಿತಾರ್, ಕೊಳಲು, ಪರದೇಶದ ಡ್ರಮ್ ಎಲ್ಲ ಬೆರೆತ, ಮಾತಿಲ್ಲದ ನಿಧಾನದ ಹಾಡುಗಳು. ಕಾಫಿ ಹಣ್ಣು ಕೊಯ್ಯುವ ಹೆಂಗಸರನ್ನು ತೋಟಕ್ಕೆ ಕರೆತಂದರೂ ಅವನು ಹಾಡು ಮುಗಿಯದೆ ಇಳಿಯಲು ಬಿಡುತ್ತಿರಲಿಲ್ಲ. ಹೊತ್ತಾಯಿತೆಂದು, ಆಳುಗಳ ಹಾಜರಿ ಬರೆಯುವ ನಾನು ರೇಗಿದರೆ, ಸ್ಟೇರಿಂಗಿನ ಮೇಲೆ ಬೆರಳಾಡಿಸುತ್ತ, "ಮುಗೀಲಿ ಇರಿ ರೈಟ್ರೇ, ಇನ್ನೊಂಚೂರೈತೆ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ, ಆಸ್ಪತ್ರೆಯವರು ಕೈಚೆಲ್ಲಿದ ಮುದುಕಿಯೊಬ್ಬಳನ್ನು ಮಗಳ ಜೊತೆ ಸಕಲೇಶಪುರದಿಂದ ಕರೆತರುತ್ತಿದ್ದೆವು. ವರ್ಷಗಟ್ಟಲೆ ಅದೇ ಜೀಪಿನಲ್ಲಿ ಕೊಯ್ಲಿಗೆ ಬಂದವಳು. "ಆ ಪದ ಹಾಕು ಮಗ" ಎಂದಳು. ಕೂಲಿಯವರ ಲೈನ್ ಮನೆಗಳ ಮುಂದೆ ಜೀಪು ನಿಲ್ಲುವಷ್ಟರಲ್ಲಿ ಅವಳ ಉಸಿರು ನಿಂತಿತ್ತು. ಅವನು ಎಂಜಿನ್ ಆರಿಸಿದ, ಹಾಡು ಆರಿಸಲಿಲ್ಲ. ಮುದುಕಿಯ ಮಗಳು ಅಳುತ್ತ ಇಳಿಯಲು ಹೊರಟಳು. ಅವನು ಸ್ಟೇರಿಂಗಿಗೆ ಹಣೆಯೊತ್ತಿ ಕೂತ.

"ಮುಗೀಲಿ ಇರವ್ವ, ಇನ್ನೊಂಚೂರೈತೆ" ಎಂದೆ ನಾನು.