ಉಸಿರಾಡಿದ ಹೆಣ

ನಮ್ಮ ಸೋದರಮಾವನಿಗೆ ಪೇಟೆಯಲ್ಲೆಲ್ಲ ‘ಹೆಣದ ಮಾವ’ ಅಂತಲೇ ಹೆಸರು. ಬೈಗುಳವಲ್ಲ, ಬಿರುದು. ಹನ್ನೆರಡು ವರ್ಷದ ಹಿಂದೆ ನಮ್ಮ ಹಳೇ ಪೇಟೆಯಲ್ಲಿ ಟಿವಿಯ ಪತ್ತೇದಾರಿ ಧಾರಾವಾಹಿಯೊಂದರ ಶೂಟಿಂಗ್ ನಡೆಯಿತು. ತುಕ್ಕು ಹಿಡಿದ ಗೇಟಿನ ಬೀಗ ತೆಗೆಯಲು ಬೀಗ ರಿಪೇರಿಯವನಾದ ಮಾವನನ್ನು ಕರೆಸಿದ್ದರು. ಆವತ್ತು ಹೆಣವಾಗಬೇಕಿದ್ದ ನಟ ಕೈಕೊಟ್ಟಿದ್ದ. ನಿರ್ದೇಶಕರು ಮಾವನನ್ನು ಮೇಲಿಂದ ಕೆಳಗೆ ನೋಡಿ, “ಇವರೇ ಸಾಕು, ಮೇಕಪ್ಪೂ ಬೇಡ” ಅಂದರಂತೆ. ಅದನ್ನು ಹೊಗಳಿಕೆ ಎಂದು ಇವತ್ತಿಗೂ ನಂಬಿರುವ ಏಕೈಕ ಮನುಷ್ಯ ನಮ್ಮ ಮಾವ.

ಧಾರಾವಾಹಿ ಗೆದ್ದಿತು. ಅದರಲ್ಲಿ ಕಂಡ ಜಾಗಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರತೊಡಗಿದರು. ಪ್ರವಾಸದ ಕಂಪನಿಯೊಂದು ಕಾಲ್ನಡಿಗೆಯ ಟೂರ್ ಶುರುಮಾಡಿತು, ಮಾವ ಅಂಗಡಿ ಮುಚ್ಚಿ ಅದರ ಗೈಡ್ ಆದ. ನೂರು ವರ್ಷ ದಾಟಿದ ಗಡಿಯಾರದ ಗೋಪುರದ ಮುಂದೆ ನಿಂತು, “ಇದನ್ನ ಯಾರೋ ರಾಜ ಕಟ್ಟಿಸಿದ. ಅದಿರ್ಲಿ ಬಿಡಿ, ನಾಯಕಿ ವಿಲನ್ನಿಗೆ ಕಪಾಳಕ್ಕೆ ಬಾರಿಸಿದ್ದು ಇಲ್ಲೇ!” ಅನ್ನುತ್ತಿದ್ದ. ಇತಿಹಾಸದ ಮೇಷ್ಟರು ಕೇಳಿಸಿಕೊಂಡಿದ್ದರೆ ಅಲ್ಲೇ ಎದೆ ಹಿಡಿದುಕೊಳ್ಳುತ್ತಿದ್ದರು. ಅತ್ತೆ ಗುಂಪಿನ ಕೊನೆಯಲ್ಲಿ ನಡೆಯುತ್ತ, ಹಿಂದುಳಿದವರನ್ನು ಗದರಿಸಿ ಮುಂದಕ್ಕೆ ಸಾಗಿಸುವ ಕೆಲಸ ನೋಡಿಕೊಳ್ಳುತ್ತಿದ್ದಳು. ಗದರಿಸುವುದಕ್ಕೆ ಅವಳಿಗೆ ತರಬೇತಿ ಬೇಕಾಗಿರಲಿಲ್ಲ.

ಟೂರಿನ ಕೊನೆಯ ಜಾಗ ಹಳೇ ಕಚೇರಿಯ ಕಲ್ಲಿನ ಮೆಟ್ಟಿಲು. ಮಾವ ಸತ್ತುಬಿದ್ದ ಜಾಗ. ಆ ದೃಶ್ಯದಲ್ಲಿ ಒಂದು ಎಡವಟ್ಟಾಗಿತ್ತು: ಹೆಣದ ಹೊಟ್ಟೆ ಒಮ್ಮೆ ದೊಡ್ಡದಾಗಿ ಉಬ್ಬಿ ಇಳಿಯುತ್ತದೆ. ಬೆಳಕು ಹೋಗುತ್ತಿದ್ದುದರಿಂದ ಮತ್ತೆ ತೆಗೆಯಲಿಲ್ಲವಂತೆ. ಧಾರಾವಾಹಿಯ ಹುಚ್ಚು ಹಿಡಿದವರಿಗೆ ಕೊಲೆಗಾರ ಯಾರೆಂಬುದು ಮರೆತುಹೋದರೂ ಆ ಹೊಟ್ಟೆ ಮರೆತುಹೋಗಲಿಲ್ಲ. ಯಾಕೆ ಎಂದು ಕೇಳಿದರೆ ಮಾವ ಒಂದು ದಿನ ಇರುವೆ ಅನ್ನುತ್ತಿದ್ದ, ಇನ್ನೊಂದು ದಿನ ಧೂಳು. ಅತ್ತೆಯದು ಮಾತ್ರ ಯಾವಾಗಲೂ ಒಂದೇ ಮಾತು: “ಇವರಿಗೆ ನೆಟ್ಟಗೆ ಸಾಯೋಕೂ ಬರಲ್ಲ.” ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಹೋದ ತಿಂಗಳು ಕಂಪನಿಯ ಮ್ಯಾನೇಜರ್ ಖುದ್ದಾಗಿ ಬಂದ. ಗೈಡನ್ನು ಬಿಟ್ಟು, ರೆಕಾರ್ಡ್ ಮಾಡಿದ ವಿವರಣೆಯ ಹೆಡ್‌ಫೋನನ್ನು ಜನರ ಕಿವಿಗೆ ಹಾಕಿ ಕಳಿಸುವ ಯೋಚನೆ ಅವರದು. ಆ ದಿನದ ಟೂರ್ ನೋಡಿ ತೀರ್ಮಾನ ಎಂದಿದ್ದ. ಮಾವನಿಗೆ ಅರವತ್ತಾಗಿತ್ತು, ಕೈ ನಡುಕ ಬಂದು ಬೀಗದ ಕೆಲಸ ಇನ್ನು ಆಗದು. ಈ ಕೆಲಸ ಹೋದರೆ ಬೇರೆ ಏನೂ ಇಲ್ಲ. ಬಿಟ್ಟಿ ಗಿರಾಕಿಯಾಗಿ ನಾನೂ ಹಿಂದೆ ಹೋದೆ. ಗಂಡಹೆಂಡತಿ ಇಬ್ಬರ ಮುಖದಲ್ಲೂ ಕಳೆಯಿರಲಿಲ್ಲ.

ಮೆಟ್ಟಿಲ ಹತ್ತಿರ ಕಾಲೇಜಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಆ ದೃಶ್ಯ ತೋರಿಸಿ, “ಅಂಕಲ್, ಯಾಕೆ ಉಸಿರಾಡಿದ್ರಿ?” ಅಂದಳು. ಅತ್ತೆ ಅಭ್ಯಾಸಬಲದಿಂದ ತನ್ನ ಎಂದಿನ ಮಾತು ಹೇಳಿದಳು. ಎಲ್ಲರೂ ನಕ್ಕರು, ಮ್ಯಾನೇಜರ್ ನಗಲಿಲ್ಲ.

“ನೀವು ಒಬ್ಬೊಬ್ರಿಗೆ ಒಂದೊಂದು ಕಾರಣ ಹೇಳ್ತೀರಂತೆ. ದೂರು ಬಂದಿದೆ. ನಿಜ ಯಾವುದು?”

ಮಾವ ಅತ್ತೆಯ ಕಡೆ ನೋಡಿದ. “ಆವತ್ತು ಸಂಜೆ ನೀನು ತಿಂಡಿ ತಂದಿದ್ದೆ, ನೆನಪಿದೆಯಾ? ನಾನು ಹೆಣದ ಪಾತ್ರ ಮಾಡ್ತಿದ್ದೀನಿ ಅಂತ ನಿನಗೆ ಗೊತ್ತಿರ್ಲಿಲ್ಲ. ನಾನು ಅರೆಗಣ್ಣಲ್ಲಿ ನೋಡಿದೆ. ನಿನ್ನ ಕೈಯಿಂದ ಡಬ್ಬಿ ಜಾರಿತು. ನೀನು ಬಾಯಿ ತೆರೆದೆ, ಸ್ವರ ಬರ್ಲಿಲ್ಲ. ಕ್ಯಾಮೆರಾ ಓಡ್ತಿತ್ತು, ಏಳೋ ಹಾಗಿಲ್ಲ. ಬದುಕಿದೀನಿ ಅಂತ ನಿನಗೆ ಗೊತ್ತಾಗ್ಲಿ ಅಂತ ಹೊಟ್ಟೆ ತುಂಬ ಉಸಿರು ಎಳೆದೆ ಕಣೇ.”

ಅತ್ತೆ ಕಣ್ಣೀರು ಹಾಕಿದ್ದನ್ನು ನಾನು ಕಂಡದ್ದು ಅದೇ ಮೊದಲು. “ಅದನ್ನ ನೋಡಿಯೇ ನನಗೆ ಜೀವ ಬಂದದ್ದು,” ಅಂದಳು. “ಹನ್ನೆರಡು ವರ್ಷ ಊರೆದುರು ನಿಮ್ಮನ್ನ ಆಡ್ಕೊಂಡೆನಲ್ರೀ. ಒಂದ್ಸಲ ಬಾಯಿ ಬಿಡಬಾರ್ದಿತ್ತಾ?”

“ನೀನು ನಗ್ತಿದ್ದೆ. ಇರ್ಲಿ ಅಂತ ಸುಮ್ಮನಾದೆ.”

ಮ್ಯಾನೇಜರ್ ಚಪ್ಪಾಳೆ ತಟ್ಟಿದ. “ಸೂಪರ್! ದಿನಾ ಎರಡೂ ಟೂರಲ್ಲಿ ಇದನ್ನ ಹೀಗೇ ಹೇಳಿ. ಮೇಡಂ, ನೀವೂ ಹೀಗೇ ಕಣ್ಣೀರು ಹಾಕಿ. ಹೆಡ್‌ಫೋನ್ ಬೇಡ, ನಿಮ್ಮ ಕೆಲಸ ಗಟ್ಟಿ.”

ಸಿಕ್ಕವರಿಗೆಲ್ಲ ತನ್ನ ಸಾವಿನ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದವನು ನಮ್ಮ ಮಾವ. ಒಪ್ಪಿಯೇ ಒಪ್ಪುತ್ತಾನೆ ಅಂದುಕೊಂಡೆ. ಒಪ್ಪಲಿ ಅಂತಲೂ ಆಸೆಯಿತ್ತು.

“ಆಗಲ್ಲ ಸರ್,” ಅಂದ ಮಾವ. “ಅದು ಇವಳಿಗೆ ಹೇಳಿದ್ದು.”

“ಹಾಗಾದ್ರೆ ನಾಳೆಯಿಂದ ಬರಬೇಡಿ.”

ಮಾವ ಕೊರಳಿನ ಗುರುತಿನ ಚೀಟಿ ತೆಗೆದು ಅವನ ಕೈಗಿಟ್ಟ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಗಂಡನ ತೋಳು ಹಿಡಿದಳು.

“ನಿಧಾನಕ್ಕೆ ಇಳೀರಿ,” ಅಂದಳು, “ಮೆಟ್ಟಿಲಿದೆ.”