ಎರಡು ಸ್ಪೀಕರ್, ಒಂದೇ ಕಿವಿ

ನಮ್ಮ ಮನೆಯ ಓನರ್ ಯಾರಾದರೂ ಮಾತಾಡತೊಡಗಿದರೆ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬಲಗಿವಿಯನ್ನು ಮುಂದೆ ಒಡ್ಡುತ್ತಿದ್ದರು. ಹೊಸಬರಿಗೆ ಇವರು ಮುಖ ತಿರುಗಿಸಿಕೊಂಡರಲ್ಲ ಎನಿಸುತ್ತಿತ್ತು. ಮಂಗಳೂರಿನ ಉರ್ವದ ಆ ಮನೆಗೆ ಕೋಣೆ ಕೇಳಲು ಹೋದ ದಿನ ನನಗೂ ಹಾಗೇ ಅನಿಸಿ ಸಿಟ್ಟು ಬಂದು ಎದ್ದು ಚಪ್ಪಲಿ ಮೆಟ್ಟಿಕೊಂಡಿದ್ದೆ.

"ಕೂತ್ಕೊಳ್ಳಿ ಮಾರಾಯ್ರೆ. ಎಡದ ಕಿವಿ ಸತ್ತದ್ದು, ನಾನು ಸತ್ತದ್ದಲ್ಲ" ಎಂದು ನಕ್ಕರು.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ದಾವಣಗೆರೆಯಿಂದ ಬ್ಯಾಂಕಿನ ಕೆಲಸಕ್ಕೆ ಬಂದ ನನಗೆ ಮಂಗಳೂರಿನಲ್ಲಿ ಒಬ್ಬರೂ ಗೊತ್ತಿರಲಿಲ್ಲ. ಆಫೀಸಿನವರು ತಮ್ಮತಮ್ಮಲ್ಲಿ ತುಳು ಮಾತಾಡಿ ಬಿದ್ದು ಬಿದ್ದು ನಗುತ್ತಿದ್ದರು. ನನ್ನತ್ತ ತಿರುಗಿದರೆ ಥಟ್ಟನೆ ಪುಸ್ತಕದ ಕನ್ನಡ. ಮರ್ಯಾದೆಗೇನೂ ಕಡಿಮೆ ಇರಲಿಲ್ಲ. ಆದರೆ ಮರ್ಯಾದೆ ಇಟ್ಟುಕೊಂಡು ಸಂಜೆ ಕಳೆಯುವುದಾದರೂ ಹೇಗೆ?

ಓನರೂ ಒಂಟಿಯೇ. ಹಡಗಿನಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದವರು, ಯಾವುದೋ ಜ್ವರದಲ್ಲಿ ಒಂದು ಕಿವಿ ಕಳೆದುಕೊಂಡು ಊರಿಗೆ ಮರಳಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಜೊತೆಗೆ ಉಳಿದದ್ದು ಬಂದರು ಬಂದರುಗಳಲ್ಲಿ ಹುಡುಕಿ ತಂದ ಎಲ್‌ಪಿಗಳು, ಎಲ್ಲವೂ ಒಂದೇ ಇಂಗ್ಲಿಷ್ ರಾಕ್ ಬ್ಯಾಂಡಿನವು. ಆ ಬ್ಯಾಂಡಿನವರಿಗೆ ಅವಸರವೆಂಬುದೇ ಇರಲಿಲ್ಲ. ಒಂದು ಹಾಡೆಂದರೆ ರೆಕಾರ್ಡಿನ ಒಂದಿಡೀ ಮಗ್ಗುಲು. ಆರ್ಗನ್, ಕೊಳಲು, ನಡುವೆ ಯಾರೋ ಬಾಗಿಲು ತೆಗೆದ ಸದ್ದು. ಹಾಡುವವನು ಬಾಯಿ ತೆರೆಯುವಷ್ಟರಲ್ಲಿ ನನ್ನ ಚಹಾ ತಣ್ಣಗಾಗುತ್ತಿತ್ತು.

ಸದ್ದನ್ನು ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಓಡಿಸುವುದು ಆ ಬ್ಯಾಂಡಿನ ಚಟ. ಒಂದೇ ಕಿವಿಯವರಿಗೆ ಸದ್ದು ಕೇಳುತ್ತದೆ, ಅದು ಓಡಿದ್ದು ತಿಳಿಯುವುದಿಲ್ಲ. ಭಾನುವಾರಗಳ ನನ್ನ ಕೆಲಸ ಶುರುವಾದದ್ದು ಅಲ್ಲಿಂದ. "ಈಗ ಎಲ್ಲಿ ಉಂಟು? ಕೈಯಲ್ಲಿ ತೋರ್ಸಿ" ಎನ್ನುತ್ತಿದ್ದರು. ಎರಡು ಸ್ಪೀಕರುಗಳ ನಡುವೆ ಕುರ್ಚಿ ಹಾಕಿಕೊಂಡು ನಾನು ಸದ್ದಿನ ಹಿಂದೆ ಕೈಯಾಡಿಸಬೇಕು. ಅವರು ಎದುರು ಕುಳಿತು ನನ್ನ ಕೈಯನ್ನೇ ನೋಡುತ್ತಿದ್ದರು. ಕೆಲಸದ ಹೆಂಗಸು ಬಾಗಿಲಲ್ಲಿ ನಿಂತು, "ಬ್ಯಾಂಕಿನವರಿಗೂ ಹಿಡೀತು" ಎಂದು ಹಣೆ ಚಚ್ಚಿಕೊಂಡಳು. ಹಿಡಿದದ್ದು ನಿಜ. ಭಾನುವಾರ ಯಾವಾಗ ಬರುತ್ತದೋ ಎಂದು ನಾನು ಕಾಯತೊಡಗಿದೆ.

ಅವರಿಗೆ ಒಂದೇ ಒಂದು ಆಸೆ ಉಳಿದಿತ್ತು. ಆ ಬ್ಯಾಂಡು ಯಾವುದೋ ಊರಿನಲ್ಲಿ, ಎಂದೂ ರೆಕಾರ್ಡ್ ಮಾಡದ ಹಾಡೊಂದನ್ನು ಒಮ್ಮೆ ನುಡಿಸಿತ್ತಂತೆ. ಸಭೆಯಲ್ಲಿದ್ದ ಯಾರೋ ಕದ್ದು ಟೇಪ್ ಮಾಡಿಕೊಂಡಿದ್ದರಂತೆ. ಅದರ ಪ್ರತಿಯನ್ನು ಕಳುಹಿಸುತ್ತೇನೆಂದು ಹಡಗಿನ ಹಳೆಯ ಗೆಳೆಯರೊಬ್ಬರು ಮಾತು ಕೊಟ್ಟಿದ್ದರು. "ಅದೊಂದು ಕೇಳಿದ್ರೆ ಸಾಕು ನನಗೆ" ಎನ್ನುತ್ತ ವರ್ಷಗಟ್ಟಲೆ ಕಾದರು.

ಅಷ್ಟರಲ್ಲಿ ಬಲಗಿವಿಯೂ ಕೈಕೊಡತೊಡಗಿತು. ಒಂದು ಭಾನುವಾರ, "ಈ ಹಾಡಲ್ಲಿ ಕೊಳಲು ಇತ್ತಲ್ಲ, ಎಲ್ಲಿ ಹೋಯ್ತು?" ಎಂದು ಕೇಳಿದರು. ಕೊಳಲು ಕೋಣೆಯ ತುಂಬ ನುಡಿಯುತ್ತಿತ್ತು. ಕೊಳಲಿನ ಹಿಂದೆ ಹಾಡುವವನು ಹೋದ, ಗಿಟಾರು ಹೋಯಿತು. ಕೊನೆಗೆ ಏನೂ ಉಳಿಯಲಿಲ್ಲ. ನಮ್ಮ ತುಟಿ ನೋಡಿ ಮಾತು ತಿಳಿದುಕೊಳ್ಳುವಂತಾದರು.

ಕ್ಯಾಸೆಟ್ ಬಂದದ್ದು ಆಮೇಲೆ.

ಅವರೇ ಅದನ್ನು ಪ್ಲೇಯರಿಗೆ ಹಾಕಿ, ಶರಟಿನ ಗುಂಡಿ ಸರಿಪಡಿಸಿಕೊಂಡು ನನ್ನೆದುರು ಕುಳಿತರು. ಪ್ರತಿಯ ಪ್ರತಿಯ ಪ್ರತಿ ಇರಬೇಕು. ಬರೀ ಸುಯ್ಯೆಂಬ ಸದ್ದು, ಯಾರದೋ ಕೆಮ್ಮು. ಸಂಗೀತ ಎಲ್ಲೂ ಇರಲಿಲ್ಲ. ಆದರೆ ಆ ಕಣ್ಣುಗಳು ನನ್ನ ಕೈಗಳಿಗೆ ಅಂಟಿಕೊಂಡಿದ್ದವು. ಏನು ಮಾಡಲಿ? ನಾನು ಕೈ ಎತ್ತಿದೆ. "ಎಡಗಡೆ ಆರ್ಗನ್ ಶುರುವಾಯ್ತು, ಮೆಲ್ಲಗೆ" ಎಂದೆ. ಕೊಳಲನ್ನು ಬಲದಿಂದ ತಂದೆ. ಡ್ರಮ್ಮನ್ನು ನಡುವೆ ಇಳಿಸಿದೆ. ಹಾಡುವವನು ಮನೆಗೆ ಹೋಗುವ ದಾರಿ ಕೇಳುತ್ತಿದ್ದಾನೆ ಎಂದೆ. ಯಾಕೆ ಹಾಗೆಂದೆನೋ, ನನ್ನ ಕಣ್ಣೇ ಮಂಜಾಯಿತು.

ಓನರ್ ಎದ್ದು ಬಂದು ಸ್ಪೀಕರಿನ ಬಟ್ಟೆಯ ಮೇಲೆ ಬೆರಳು ಇಟ್ಟರು. ಡ್ರಮ್ ಬಡಿದರೆ ಬೆರಳಿಗೆ ತಿಳಿಯಬೇಕಿತ್ತು. ಬೆರಳು ತೆಗೆದು ನನ್ನತ್ತ ತಿರುಗಿದರು.

"ಇದ್ರಲ್ಲಿ ಎಂತದೂ ಇಲ್ಲ, ಅಲ್ವಾ?"

ನಾನು ತಲೆ ತಗ್ಗಿಸಿದೆ. ಅವರು ನನ್ನ ಗಲ್ಲ ಹಿಡಿದೆತ್ತಿದರು.

"ನಿಲ್ಲಿಸ್ಬೇಡ ಮಾರಾಯ. ಒಳ್ಳೆದುಂಟು ನಿನ್ನ ಹಾಡು." ಮೊದಲ ಸಲ ನೀನು ಎಂದಿದ್ದರು. ಮತ್ತೆ ತುಳುವಿನಲ್ಲಿ ಹೇಳಿದರು: "ಉಂದು ನಮ್ಮ ರೆಕಾರ್ಡಿಂಗ್."

ಇದು ನಮ್ಮ ರೆಕಾರ್ಡಿಂಗ್ ಎಂದು. ತುಳುವಿನಲ್ಲಿ 'ನಮ್ಮದು' ಎನ್ನುವುದಕ್ಕೆ ಎರಡು ದಾರಿ. ಕೇಳುವವನನ್ನು ಹೊರಗಿಟ್ಟರೆ 'ಎಂಕ್ಲೆನ', ಒಳಗೆ ಸೇರಿಸಿಕೊಂಡರೆ 'ನಮ್ಮ'. ಈ ಊರಿನಲ್ಲಿ ಅಷ್ಟು ವರ್ಷ ನನ್ನ ಕಿವಿಗೆ ಬಿದ್ದದ್ದೆಲ್ಲ 'ಎಂಕ್ಲೆನ'. ಎಂಕ್ಲೆನ ಊರು, ಎಂಕ್ಲೆನ ಜನ. ನಾನು ಮತ್ತೆ ಕೈ ಎತ್ತಿ, ಕ್ಯಾಸೆಟ್ ಮುಗಿಯುವವರೆಗೂ ಹಾಡು ಹೇಳಿದೆ.

ಮರುವರ್ಷ ಓನರ್ ತೀರಿಕೊಂಡರು. ಎಲ್‌ಪಿಗಳನ್ನು ಅವರ ತಂಗಿಯ ಮಗ ಮುಂಬಯಿಗೆ ಒಯ್ದ. ಎಷ್ಟೋ ಕಾಲದ ಮೇಲೆ ಬ್ಯಾಂಡಿನ ಆ ಸಂಗೀತ ಕಛೇರಿಯ ಒಳ್ಳೆಯ ರೆಕಾರ್ಡಿಂಗ್ ಅಂಗಡಿಗೇ ಬಂತು. ತಂದು, ಬಾಗಿಲು ಹಾಕಿಕೊಂಡು, ಆದಿಯಿಂದ ಕೊನೆಯವರೆಗೆ ಕೇಳಿದೆ. ಚೆನ್ನಾಗಿಯೇ ಇದೆ. ಆದರೆ ನಾನು ಅಂದು ಹೇಳಿದ ಹಾಡು ಅದರಲ್ಲಿ ಎಲ್ಲೂ ಇಲ್ಲ. ಅದು ಹೇಗಿತ್ತೆಂದು ನನಗೂ ಈಗ ಪೂರ್ತಿ ನೆನಪಿಲ್ಲ, ಕೇಳೋಣವೆಂದರೆ ಅದನ್ನು ಕೇಳಿದ್ದವರು ಅವರೊಬ್ಬರೇ.